ನಿಂತಲ್ಲೇ ಓಡಿದ ಜೀಪು

ಬಸವಕಲ್ಯಾಣ
4 ಜನವರಿ 1982

ಸರ್ವಿಸ್ ವಿಭಾಗದ ಮುಖ್ಯಸ್ಥರಿಗೆ,
ಜೀಪು ಏಜೆನ್ಸಿ, ಹುಮನಾಬಾದ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ನಟ್ಟುಗಳೇ, ಬೋಲ್ಟುಗಳೇ, ಮುಂದಿನ ಸಾಲಿನಲ್ಲಿ ಗಾಳಿ ತುಂಬಿಸಿಕೊಂಡು ಕುಳಿತಿರುವ ಟೈರುಗಳೇ, ಬಾಗಿಲ ಬಳಿ ನಿಂತು ಹೊಗೆ ಬಿಡುತ್ತಿರುವ ಸೈಲೆನ್ಸರುಗಳೇ, ಹಾಗೂ ಈ ಸಭೆಗೆ ಬಾರದೆ ಉಳಿದು ನನ್ನ ಭಾಷಣವನ್ನು ಯಶಸ್ವಿಗೊಳಿಸಿದ ಸಮಸ್ತ ನಾಗರಿಕ ಬಂಧುಗಳೇ,

ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ತಲೆ ನರೆಸಿಕೊಂಡವನಿಗೆ ಸ್ವಾಗತ ಭಾಷಣವಿಲ್ಲದೆ ಪಕ್ಕದ ಮನೆಯಲ್ಲಿ ಉಪ್ಪು ಕೇಳುವುದಕ್ಕೂ ಬರುವುದಿಲ್ಲ. ಕ್ಷಮಿಸಬೇಕು. ದಿಗಂಬರ, ನೀನೂ ನಾನೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಬೆತ್ತದ ಏಟು ಹಂಚಿಕೊಂಡವರು ಅನ್ನುವುದನ್ನು ಈ ಅರ್ಜಿಯ ಮಟ್ಟಿಗೆ ಮರೆತಿದ್ದೇನೆ. ಆದ್ದರಿಂದ ‘ತಾವು’ ಅನ್ನುತ್ತೇನೆ. ನಗಬಾರದು.

ಮೋರಖಂಡಿಯಲ್ಲಿರುವ ನನ್ನ ತಂಗಿ ಸುಂದರಬಾಯಿ ತಮಗೆ ಗೊತ್ತು. ಆಕೆಯ ಗಂಡ ಚನ್ನಬಸಪ್ಪನವರು ತಮ್ಮ ಏಜೆನ್ಸಿಯಲ್ಲಿ ಒಂದು ಡೀಸೆಲ್ ಜೀಪಿಗೆ ಹೆಸರು ಹಚ್ಚಿದ್ದರು. ಸರದಿ ಕಾಯುತ್ತ ಕಾಯುತ್ತ, ಜೀಪು ಬರುವ ಮೊದಲೇ ಅವರು ಹೊರಟುಹೋದರು. ಆಮೇಲೆ, ಕಳೆದ ಆಗಸ್ಟ್ ಹದಿನೇಳಕ್ಕೆ, ಜೀಪು ಬಂತು. ಹಣೆಗೆ ವಿಭೂತಿ ಹಚ್ಚಿ ಒಳಗೆ ಕರೆದುಕೊಂಡೆವು. ಎಳ್ಳಮಾವಾಸ್ಯೆಯ ಹಿಂದಿನ ದಿನ ಅದರ ಎಂಜಿನ್ ಜಾಮ್ ಆಗಿದೆ. ಮೇಲ್ಭಾಗದಲ್ಲಿ ಬಿರುಕೂ ಕಾಣುತ್ತಿದೆ. ಆಕೆಯ ಡ್ರೈವರ್ ಜಲಾಲುದ್ದೀನ್ ‘ಕಂಪನಿಯವರು ಬರೋ ತನಕಾ ನಾ ಮುಟ್ಟಂಗಿಲ್ರಿ’ ಅಂತ ಕೈಕಟ್ಟಿ ಕೂತಿದ್ದಾನೆ.

ಗ್ಯಾರಂಟಿ ಆರು ತಿಂಗಳದು. ಫೆಬ್ರುವರಿ ಹದಿನೇಳರವರೆಗೆ ಗ್ಯಾರಂಟಿಗೆ ಜೀವವಿದೆ, ಎಂಜಿನ್ನಿಗಿಲ್ಲ. ಹೊಸ ಎಂಜಿನ್ ಕೊಡಿಸಬೇಕೆಂದು ಪ್ರಾರ್ಥನೆ. ಮೋರಖಂಡಿಯಲ್ಲಿ ಆಕೆಯ ಒಂಟಿ ಸಂಸಾರ ಈ ಜೀಪಿನ ಮೇಲೆಯೇ ನಿಂತಿದೆ. ಇದು ಏಳದಿದ್ದರೆ ಆಕೆ ಬಾಗಿಲಿಗೆ ಬೀಗ ಹಾಕಿಕೊಂಡು ಬಸವಕಲ್ಯಾಣಕ್ಕೆ, ನನ್ನ ಮನೆಗೆ ಬರಬೇಕಾಗುತ್ತದೆ. ನನ್ನ ಹೆಂಡತಿ ಶಕುಂತಲಾ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಜಾಗಕ್ಕೇನೂ ಕಡಿಮೆಯಿಲ್ಲ. ಆದರೆ ಆಕೆಗೆ ಬರುವ ಮನಸ್ಸಿಲ್ಲ. ಅಣ್ಣನಾದ ನನಗೂ ಆಕೆ ತನ್ನ ಊರಲ್ಲಿ ತಾನಿರುವುದೇ ಇಷ್ಟ. ಈ ವಾಕ್ಯವನ್ನು ಅಡಿಗೆರೆ ಎಳೆದು ಓದಿಕೊಳ್ಳಬೇಕು.

ಒಂದು ಮಾತನ್ನು ಪ್ರಮಾಣ ಮಾಡಿ ಹೇಳಬಲ್ಲೆ. ಬಂದ ದಿನದಿಂದ ಈ ಜೀಪು ಅಂಗಳ ಬಿಟ್ಟು ಒಂದು ಮಾರು ಹೋಗಿಲ್ಲ. ರಸ್ತೆ ಕಂಡಿಲ್ಲ, ರಾಡಿ ಉಂಡಿಲ್ಲ, ಯಾರ ಕೋಳಿಯನ್ನೂ ಕೊಂದಿಲ್ಲ.

ತಮ್ಮ ವಿಧೇಯ,
ಮಹಾರುದ್ರಪ್ಪ, ಬಿ.ಎ.


ಹುಮನಾಬಾದ
9 ಜನವರಿ 1982

ಶ್ರೀ ಮಹಾರುದ್ರಪ್ಪನವರಿಗೆ,

ನಿಮ್ಮ ಅರ್ಜಿ ತಲುಪಿದೆ. ನಟ್ಟು ಬೋಲ್ಟುಗಳಿಗೆ ನಿಮ್ಮ ವಂದನೆ ತಿಳಿಸಿದ್ದೇನೆ.

ಗ್ಯಾರಂಟಿಯ ನಿಯಮ ಹೀಗಿದೆ. ಗಾಡಿ ಕೈಗೆ ಸಿಕ್ಕ ದಿನದಿಂದ ಆರು ತಿಂಗಳು, ಇಲ್ಲವೇ ಹದಿನಾರು ಸಾವಿರ ಕಿಲೋಮೀಟರ್ ಓಟ. ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ಗ್ಯಾರಂಟಿ ಮುಗಿಯಿತು. ಎರಡನೆಯದು, ಕಂಪನಿಯವರಲ್ಲದೆ ಬೇರೆ ಯಾರಾದರೂ ಎಂಜಿನ್ನಿಗೆ ಕೈಹಚ್ಚಿ ಏನಾದರೂ ತೆಗೆದರೆ, ಹಾಕಿದರೆ, ಬದಲಿಸಿದರೆ ಅಂದಿಗೇ ಗ್ಯಾರಂಟಿ ರದ್ದು. ಅದಕ್ಕೆ ದಿನದ ಲೆಕ್ಕವಿಲ್ಲ.

ಜೀಪು ಅಂಗಳ ಬಿಟ್ಟಿಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಮೀಟರಿನಲ್ಲಿ ನೂರು ಕಿಲೋಮೀಟರ್ ಕೂಡ ಇರಲಾರದು. ಇಷ್ಟು ಕಡಿಮೆ ಓಡಿದ ಎಂಜಿನ್ ಜಾಮ್ ಆದರೆ ಕಂಪನಿಯ ಬಾಯಿಗೆ ಮಾತು ಬರುವುದಿಲ್ಲ. ಮೀಟರಿನ ಸಂಖ್ಯೆ ಬರೆದು ಕಳಿಸಿ.

ಇಲ್ಲಿಂದ ಕೆಳಗಿನದು ಸ್ವಂತದ್ದು. ರುದ್ರಾ, ಏಜೆನ್ಸಿಗೆ ಬಂದ ಗ್ಯಾರಂಟಿ ಪತ್ರವನ್ನು ಗುಮಾಸ್ತ ಒಡೆದು, ಠಸ್ಸೆ ಹೊಡೆದು, ನನ್ನ ಮೇಜಿಗೆ ಬರುವ ಮೊದಲೇ ಒಂದು ಪ್ರತಿ ಕಂಪನಿಗೆ ಕಳಿಸುತ್ತಾನೆ. ಅಂಕಿ ಮಾತ್ರ ಏಜೆನ್ಸಿಗೆ ಬರೆ. ಮಾತು ಇದ್ದರೆ ನನ್ನ ಮನೆಗೆ ಬರೆ. ಸುಂದರಬಾಯಿಗೆ ಚಿಂತೆ ಮಾಡಬೇಡ ಅಂತ ಹೇಳು.

ದಿಗಂಬರ


ಬಸವಕಲ್ಯಾಣ
13 ಜನವರಿ 1982

ಏಜೆನ್ಸಿಯ ಮುಖ್ಯಸ್ಥರಿಗೆ,

ಮನೆಗೆ ಬರೆ ಅಂದಿರಿ. ಕಚೇರಿಯ ಕೆಲಸಕ್ಕೆ ಮನೆಯ ಬಾಗಿಲು ತಟ್ಟುವುದು ನಮ್ಮ ಶಿಕ್ಷಣದಲ್ಲಿ ಬಂದಿಲ್ಲ. ಅದಕ್ಕೇ ಏಜೆನ್ಸಿಗೇ ಬರೆಯುತ್ತಿದ್ದೇನೆ. ಗುಮಾಸ್ತರಿಗೂ ನಾಲ್ಕು ಸಾಲು ಕನ್ನಡ ಓದಿದ ಪುಣ್ಯ ಬರಲಿ.

ನಿನ್ನೆ ಮೋರಖಂಡಿಗೆ ಹೋಗಿದ್ದೆ. ಜಲಾಲುದ್ದೀನ್ ಮೀಟರಿನ ಗಾಜನ್ನು ಹೆಗಲ ಟವೆಲಿನಿಂದ ಒರೆಸಿ ಬಗ್ಗಿ ನೋಡಿದ.

“ಹತ್ತೊಂಬತ್ತು ಸಾವಿರದ ಮುನ್ನೂರ ಆಗ್ಯದ್ರಿ ಮಾಸ್ತರ್ ಸಾಬ್.”

“ಅಷ್ಟಂದ್ರ ಎಲ್ಲೀ ತನಕಾ ಹೋದಂಗಾತೋ?” ಅಂತ ಸುಂದರಾ ಬಾಗಿಲಲ್ಲಿ ನಿಂತು ಕೇಳಿದಳು.

“ಕಾಶಿಗಿ ಏಳ ಸಲ ಹೋಗಿ ಬರಬಹುದವ್ವಾ.”

“ನೋಡ ಅಣ್ಣಾ ಅದರ ಪುಣ್ಯಾ. ನಂದು ಇನ್ನಾ ಒಂದ ಸಲಾನೂ ಆಗಿಲ್ಲ.”

ತಮಗೆ ಗಾಬರಿಯಾಗಬಹುದು. ನನ್ನ ಪ್ರಮಾಣ ಸುಳ್ಳಲ್ಲ, ಮೀಟರೂ ಸುಳ್ಳಲ್ಲ. ನಡುವಿನ ಸತ್ಯವನ್ನು ವಿವರಿಸುತ್ತೇನೆ. ಚನ್ನಬಸಪ್ಪನವರದು ಹಿಟ್ಟಿನ ಗಿರಣಿ ಇತ್ತಷ್ಟೆ. ಅವರು ಹೋದ ವರ್ಷವೇ ಗಿರಣಿಯ ಹಳೆಯ ಆಯಿಲ್ ಎಂಜಿನ್ನೂ ಹೋಯಿತು. ಆ ಊರಿನ ಕರೆಂಟು ಅವಸರದ ಬೀಗರಿದ್ದ ಹಾಗೆ, ಬಂದರೂ ಕೂಡುವುದಿಲ್ಲ. ಹೆಂಗಸರು ಕಾಳಿನ ಬುಟ್ಟಿ ಹೊತ್ತು ಬಸವಕಲ್ಯಾಣಕ್ಕೆ ಬರುವ ಹಾಗಾಯಿತು. ಅಂಥ ಹೊತ್ತಿನಲ್ಲಿ ಜೀಪು ಬಂತು. ಸುಂದರಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನಗೆ ಹೇಳಿದ್ದು ಇಷ್ಟೆ: “ಅಣ್ಣಾ, ಗಾಲಿ ನಾಕ ಅವ. ಮೂರು ಕುಂತು ಉಣ್ಲಿ, ಒಂದರ ದುಡೀಲಿ.”

ಮಾರನೆಯ ದಿನವೇ ಜಲಾಲುದ್ದೀನ್ ಹಿಂದಿನ ಎಡಗಾಲಿಯನ್ನು ಜಾಕಿನ ಮೇಲೆ ಎತ್ತಿದ. ಟೈರು ಬಿಚ್ಚಿದ. ಬರಿ ಗಾಲಿಗೆ ಗಿರಣಿಯ ಬೆಲ್ಟು, ನಮ್ಮ ಕಡೆಯ ಪಟ್ಟಾ, ತೊಡಿಸಿದ. ಗೇರು ಹಾಕಿದರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಗಿರಣಿ ತಿರುಗುತ್ತದೆ. ಮೀಟರ್ ಪಾಪ, ತಾನು ಹೊರಟಿದ್ದೇನೆ ಅಂತಲೇ ತಿಳಿದಿದೆ.

ಊರ ಬಿಟ್ಟು ಹೋಗಲಿಲ್ಲ, ದಾರಿ ಧೂಳು ತಾಗಲಿಲ್ಲ,
ಮೀಟರ್ ಮಾತ್ರ ಕಾಶಿ ದಾಟಿ ಎಲ್ಲಿಗೆಂದು ಹೇಳಲಿಲ್ಲ.

ಆಗಸ್ಟಿನಿಂದ ಡಿಸೆಂಬರಿನವರೆಗೆ ಮೋರಖಂಡಿಯ ಒಂದು ಒಲೆಯೂ ಆಕೆಯ ಗಿರಣಿಯ ಹಿಟ್ಟಿಲ್ಲದೆ ಉರಿದಿಲ್ಲ. ಆಕೆ ಜೋಳದ ಚೀಲದ ಮೇಲೆ ಕೂತು ಊರಿಗೇ ಹುಕುಂ ಕೊಡುತ್ತಾಳೆ. ಈಗ ಮೂರು ವಾರದಿಂದ ಚೀಲವೂ ಖಾಲಿ, ಹುಕುಮೂ ಖಾಲಿ.

ಇತಿ ತಮ್ಮ,
ಮಹಾರುದ್ರಪ್ಪ


ಹುಮನಾಬಾದ
17 ಜನವರಿ 1982

ರುದ್ರಾ,

ನಿನ್ನ ಪತ್ರ ಓದಿ ಗುಮಾಸ್ತ ಎದ್ದು ಬಂದು ನನ್ನ ಮುಂದೆ ನಿಂತು ನಕ್ಕ. ನನಗೆ ನಗು ಬರಲಿಲ್ಲ. ಅಂಕಿ ಬರೆ ಅಂದರೆ ಪುರಾಣ ಬರೆದಿದ್ದೀಯ, ಅದೂ ಬರೆಯಬಾರದ ಕಡೆ. ಅದರ ಪ್ರತಿ ಈಗಾಗಲೇ ಕಂಪನಿಗೆ ಹೋಗಿದೆ.

ಆದರೂ ಎರಡು ದಿನ ಕೂತು ನಿಯಮದ ಪುಸ್ತಕ ತಿರುವಿ ಹಾಕಿದೆ. ಒಂದು ದಾರಿ ಕಾಣುತ್ತಿದೆ. ‘ಓಟ’ ಅಂತ ಬರೆದಿದ್ದಾರೆಯೇ ಹೊರತು ಮೀಟರ್ ಅಂತ ಬರೆದಿಲ್ಲ. ಜಾಕಿನ ಮೇಲೆ ಗಾಲಿ ತಿರುಗಿದ್ದು ಓಟವಲ್ಲ ಅಂತ ನಾನು ವಾದಿಸಬಲ್ಲೆ. ಇನ್ನು ಪಟ್ಟಾ. ಅದನ್ನು ಹಾಕಿದ್ದು ಗಾಲಿಗೆ, ಎಂಜಿನ್ನಿಗಲ್ಲ. ಗಾಲಿಗೆ ಪಟ್ಟಾ ಹಾಕಬಾರದು ಅಂತ ಎಲ್ಲಿಯೂ ಇಲ್ಲ, ಯಾಕೆಂದರೆ ಬರೆದವರಿಗೆ ಹಾಗೊಂದು ಮಾಡಬಹುದು ಅಂತಲೇ ಹೊಳೆದಿರಲಿಕ್ಕಿಲ್ಲ. ಕಂಪನಿಯ ಇನ್ಸ್‌ಪೆಕ್ಟರ್ ಫೆಬ್ರುವರಿ ಎರಡನೇ ವಾರ ಬರುತ್ತಾರೆ. ತಲೆ ಗಟ್ಟಿ ಮನುಷ್ಯ, ಆದರೆ ನ್ಯಾಯ ಬಿಡುವವರಲ್ಲ. ಎಂಜಿನ್ ಕಾರ್ಖಾನೆಯಿಂದ ಬಂದ ಹಾಗೇ ಇದ್ದರೆ ಹೊಸದು ಕೊಡಿಸಿಯೇ ತೀರುತ್ತೇನೆ.

ಒಂದಕ್ಕೆ ಮಾತ್ರ ಉತ್ತರ ಬೇಕು. ಎಂಜಿನ್ನಿಗೆ ಯಾರಾದರೂ ಕೈ ಹಚ್ಚಿದ್ದಾರೆಯೇ? ಒಂದು ನಳಿಗೆ, ಒಂದು ತಿರುಪು? ಹಚ್ಚಿಲ್ಲ ಅಂದರೆ ‘ಇಲ್ಲ’ ಅಂತ ಏಜೆನ್ಸಿಗೆ ಬರೆ. ಹಚ್ಚಿದ್ದರೆ ನನ್ನ ಮನೆಗೆ ಬರೆ. ಮುಚ್ಚಿಡುವುದಕ್ಕಲ್ಲ. ಬಾಯಿಬಿಟ್ಟು ಹೇಳುವುದಕ್ಕೂ ಒಂದು ರೀತಿ ಇರುತ್ತದೆ, ನಾನೇ ಬಂದು ನೋಡಿ, ನಾನೇ ಹೇಳುತ್ತೇನೆ.

ಮನೆಗೆ. ಇನ್ನೊಮ್ಮೆ ಹೇಳುತ್ತಿದ್ದೇನೆ. ಕೆಳಗೆ ವಿಳಾಸವನ್ನೂ ಬರೆದಿದ್ದೇನೆ, ನಿನಗೆ ಬೇಕಿಲ್ಲದಿದ್ದರೂ.

ದಿಗಂಬರ


ಬಸವಕಲ್ಯಾಣ
21 ಜನವರಿ 1982

ಏಜೆನ್ಸಿಯ ಮುಖ್ಯಸ್ಥರಿಗೆ,

ಒಂದು ‘ಇಲ್ಲ’ ಬರೆದು ಮುಗಿಸುವುದು ಸುಲಭವಿತ್ತು. ಆದರೆ ತಂಗಿಯ ಗಿರಣಿಯ ಕೀರ್ತಿಯನ್ನು ಅರ್ಧ ಹೇಳಿ ಬಿಟ್ಟರೆ ಕೈ ಕೇಳುವುದಿಲ್ಲ. ಆದ್ದರಿಂದ ಪೂರ್ತಿ ಹೇಳುತ್ತೇನೆ.

ರಸ್ತೆಯ ಮೇಲೆ ಹೋಗುವ ಗಾಡಿಗೆ ಎದುರುಗಾಳಿ ಇರುತ್ತದೆ. ಅಂಗಳದಲ್ಲಿ ನಿಂತು ಓಡುವ ಗಾಡಿಗೆ ಎಲ್ಲಿಯ ಗಾಳಿ? ಮೊದಲ ವಾರವೇ ಎಂಜಿನ್ ಕುದಿಯಿತು. ಜಲಾಲುದ್ದೀನ್ ಮೂರು ದಿನ ಯೋಚಿಸಿ, ನೀರು ತಣಿಸುವ ರೇಡಿಯೇಟರಿಗೆ ಹೋಗುವ ನಳಿಗೆಗಳನ್ನು ಕತ್ತರಿಸಿದ. ಎಂಜಿನ್ನಿನೊಳಗೆ ನೀರನ್ನು ತಡೆದು ಬಿಡುವ ಒಂದು ಸಣ್ಣ ಸಾಮಾನು ಇರುತ್ತದಂತೆ, ಅದನ್ನು ಕಿತ್ತು ಗೂಟಕ್ಕೆ ತೂಗುಹಾಕಿದ. ಪಕ್ಕದಲ್ಲಿ ಒಂದು ದೊಡ್ಡ ಪೀಪಾಯಿ ನಿಲ್ಲಿಸಿ, ಕೆಳಗಿನ ನಳಿಗೆಯಿಂದ ತಣ್ಣೀರು ಎಂಜಿನ್ನಿಗೆ, ಎಂಜಿನ್ನಿನಿಂದ ಬಿಸಿನೀರು ಮೇಲಿನ ನಳಿಗೆಯಿಂದ ಪೀಪಾಯಿಗೆ ಬರುವಂತೆ ಮಾಡಿದ. ಕುದಿ ನಿಂತಿತು. ಬಿಸಿನೀರು ಮಾತ್ರ ನಿಲ್ಲಲಿಲ್ಲ.

ಮೂತಿ ನೋಡಿದರೆ ಜಳಕಕ್ಕೆ, ಬಾಲ ನೋಡಿದರೆ ಜೋಳಕ್ಕೆ,
ನಡುವೆ ಕೂತ ಜಲಾಲುದ್ದೀನ ಎಲ್ಲೂ ಹೋಗದ ಕೆಲಸಕ್ಕೆ!

ಅಲ್ಲಿಯ ಗಯಾಬಾಯಿ ಅನ್ನುವ ಮುದುಕಿ ನನ್ನನ್ನು ದಾರಿಯಲ್ಲೇ ತಡೆದು ಹೊಗಳಿದಳು. “ಮಾಸ್ತರ್ರ, ನಿಮ್ಮ ತಂಗಿ ಗಿರಣ್ಯಾಗ ಬೀಸಾಕ ಬಂದ್ರ ಒಂದ ಕೊಡ ಸುಡುನೀರು ಫುಕಟ್ ನೋಡ್ರಿ. ಚಳಿಗಾಲದಾಗ ನಮ್ಮ ಮನ್ಯಾಗ ಹಿಂಗ್ ಯಾರೂ ಜಳಕಾ ಮಾಡಿದ್ದಿಲ್ಲ. ಈಗ ನಮ್ಮ ಮುದುಕನೂ ಮಾಡಾಕತ್ಯಾನ.”

ಎಳ್ಳಮಾವಾಸ್ಯೆಯ ಹಿಂದಿನ ದಿನ ನಮ್ಮ ಕಡೆ ಏನು ಗದ್ದಲ ಅಂತ ತಮಗೆ ಹೇಳಬೇಕಿಲ್ಲ. ನಾಳೆ ಹೊಲಕ್ಕೆ ಹೋಗುವುದು. ಭಜ್ಜಿಗೆ, ಕಡುಬಿಗೆ, ರೊಟ್ಟಿಗೆ ಸಜ್ಜೆ ಜೋಳ ಎಲ್ಲ ಅಂದೇ ಹಿಟ್ಟಾಗಬೇಕು. ಮನೆಯವರೆಲ್ಲರ ತಲೆಸ್ನಾನವೂ ಆಗಬೇಕು. ಇಡೀ ಊರು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಕೊಡ ಹಿಡಿದು ಸುಂದರಾನ ಅಂಗಳಕ್ಕೆ ಬಂತು. ಆಕೆ ಗಿರಣಿಯ ಬಾಯಿಗೆ ಕಾಳು ಸುರಿಯುತ್ತ ಕೂತಿದ್ದಳು. ಜಲಾಲುದ್ದೀನ್ ಪಟ್ಟಾ ನೋಡುತ್ತಿದ್ದ. ಪೀಪಾಯಿಯನ್ನು ಯಾರೂ ನೋಡಲಿಲ್ಲ. ಕೊಡ ತುಂಬಿತು, ಪೀಪಾಯಿ ಇಳಿಯಿತು. ನೀರು ಕೆಳಗಿನ ನಳಿಗೆಗಿಂತ ಕೆಳಗೆ ಹೋದದ್ದು ಮೊದಲು ಗೊತ್ತಾದದ್ದು ಎಂಜಿನ್ನಿಗೆ.

ಇದು ಸಂಪೂರ್ಣ ವೃತ್ತಾಂತ. ಒಂದು ತಿರುಪನ್ನೂ ಬಿಟ್ಟಿಲ್ಲ. ಇಂಥ ಜಾಣತನಕ್ಕೆ ಕಂಪನಿ ಎಂಜಿನ್ ಅಲ್ಲ, ಪದಕ ಕೊಡಬೇಕು.

ಇತಿ ತಮ್ಮ,
ಮಹಾರುದ್ರಪ್ಪ


ಹುಮನಾಬಾದ
25 ಜನವರಿ 1982

ಮಹಾರುದ್ರಪ್ಪ,

ನೀನು ದಡ್ಡನೋ, ಜಂಬದವನೋ, ಇನ್ನೇನೋ ನನಗೆ ತಿಳಿಯುತ್ತಿಲ್ಲ.

ಎರಡು ಸಲ ಹೇಳಿದೆ, ಮನೆಗೆ ಬರೆ ಅಂತ. ವಿಳಾಸ ಬರೆದು ಕೊಟ್ಟೆ. ನಿನ್ನ ಜೋಡಿಸಾಲು ಬಹಳ ಚೆನ್ನಾಗಿದೆ. ಅದನ್ನು ಗುಮಾಸ್ತ ಏಜೆನ್ಸಿಗೆಲ್ಲ ಹಾಡಿ ತೋರಿಸಿದ. ಆಮೇಲೆ ಠಸ್ಸೆ ಹೊಡೆದು ಕಳಿಸಿದ. ನಳಿಗೆ ಕತ್ತರಿಸಿದ್ದು, ಒಳಗಿನ ಸಾಮಾನು ಕಿತ್ತದ್ದು, ಪೀಪಾಯಿ ಹಚ್ಚಿದ್ದು, ಎಲ್ಲ ನಿನ್ನ ಕೈಬರಹದಲ್ಲಿ. ನಾನು ಹೇಳಿದ್ದರೆ ಅದು ಒಬ್ಬ ಹೆಂಗಸು ಗಿರಣಿ ನಡೆಸಲು ಮಾಡಿಕೊಂಡ ಏರ್ಪಾಡು ಆಗುತ್ತಿತ್ತು. ನೀನು ಹೇಳಿದ್ದರಿಂದ ಅದು ತಮಾಷೆ ಆಯಿತು.

ಎಂಜಿನ್ನಿನ ಆಸೆ ಇಟ್ಟುಕೊಳ್ಳಬೇಡ. ಸುಂದರಬಾಯಿಗೂ ಇಡಬೇಡ ಅಂತ ಹೇಳು. ಹೇಳುವ ಧೈರ್ಯವಿದ್ದರೆ.

ದಿಗಂಬರ


ಬಸವಕಲ್ಯಾಣ
28 ಜನವರಿ 1982

ದಿಗಂಬರ,

ಬೈದೆ, ಒಪ್ಪಿಕೊಂಡೆ. ಬರೆಯುವಾಗ ಪ್ರಾಸ ಬಂದುಬಿಟ್ಟರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಇದು ಹಳೆಯ ರೋಗ. ಮೇಷ್ಟ್ರು ಬೆತ್ತದಿಂದ ಬಿಡಿಸಲಾಗದ್ದನ್ನು ನೀನು ಕಾರ್ಡಿನಿಂದ ಬಿಡಿಸಲಾರೆ.

ಸುಂದರಾಗೆ ಇನ್ನೂ ಹೇಳಿಲ್ಲ. ಈ ವಾರ ನನಗೆ ಒಂದು ಕಡೆ ಕೂರುವುದಕ್ಕೆ ಆಗುತ್ತಿಲ್ಲ. ಶಾಲೆ ಬಿಟ್ಟ ಮೇಲೆ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುತ್ತೇನೆ. ಹುಮನಾಬಾದಿನ ಬಸ್ಸು ಬಂದು ನಿಲ್ಲುತ್ತದೆ. ಹತ್ತುವುದಿಲ್ಲ. ಮೋರಖಂಡಿಯ ಕಡೆಯ ಟಾಂಗಾ ಕೂಗುತ್ತದೆ. ಅದನ್ನೂ ಹತ್ತುವುದಿಲ್ಲ. ಒಂದು ಚಹಾ ಕುಡಿದು, ಕಪ್ಪು ಇಟ್ಟು, ವಾಪಸ್ ಮನೆಗೆ. ಮನೆಯಲ್ಲಿ ಬಾಗಿಲು ತೆಗೆದು ಒಳಗೆ ಒಂದು ಸುತ್ತು ಹಾಕಿ ಮತ್ತೆ ಬಸ್ ಸ್ಟ್ಯಾಂಡಿಗೆ. ಚಹಾದಂಗಡಿಯವ ‘ಮಾಸ್ತರ, ಯಾರರ ಬರೋರದಾರೇನ್ರಿ?’ ಅಂತ ಕೇಳಿದ. ಇರಬಹುದು ಅಂದೆ.

ಆಕೆ ನಮ್ಮ ಮನೆಗೆ ಬಂದರೂ ಆಕೆಗೆ ಏನೂ ಕಡಿಮೆಯಾಗದು ಅಲ್ಲವೇ? ತವರುಮನೆ. ಬಾವಿಯಲ್ಲಿ ಸಿಹಿನೀರು. ಗಿರಣಿಯ ಧೂಳಿನಲ್ಲಿ ಕೂತು ಕೆಮ್ಮುವುದು ತಪ್ಪುತ್ತದೆ. ನೀನು ಏನನ್ನುತ್ತೀ?

ಮಹಾರುದ್ರಪ್ಪ


ಹುಮನಾಬಾದ
14 ಫೆಬ್ರುವರಿ 1982

ರುದ್ರಾ,

ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಮೋರಖಂಡಿಗೆ ಹೋಗಿಬಂದ ಮೇಲೆ ಕೊಡೋಣ ಅಂತ ಸುಮ್ಮನಿದ್ದೆ. ಗುರುವಾರ ಇನ್ಸ್‌ಪೆಕ್ಟರ್ ಸಾಹೇಬರನ್ನು ಕರೆದುಕೊಂಡು ಹೋಗಿದ್ದೆ. ನೀನು ಬರುತ್ತೀ ಅಂತ ಸುಂದರಬಾಯಿ ಮೂರು ಮೂರು ಸಲ ದಾರಿ ನೋಡಿದರು. ಬರಲಿಲ್ಲ.

ಗಿರಣಿ ನಿಂತು ಏಳು ವಾರ. ನಿನ್ನ ಗಯಾಬಾಯಿ ಕಟ್ಟೆಯ ಮೇಲೆ ಬೀಸುಕಲ್ಲು ಹಾಕಿಕೊಂಡು ಬೀಸುತ್ತಿದ್ದಳು. ನಮ್ಮನ್ನು ಕಂಡು ‘ಬಂದ್ರೇನ್ರಪಾ ಎಂಜಿನ್ನ ತಗೊಂಡು’ ಅಂದಳು. ಸಾಹೇಬರು ಜೀಪಿನ ಸುತ್ತ ತಿರುಗಿ, ಪೀಪಾಯಿ ನೋಡಿ, ಗೂಟಕ್ಕೆ ತೂಗುಹಾಕಿದ ಸಾಮಾನು ನೋಡಿ, ಚೀಲದಿಂದ ನಿನ್ನ ಪತ್ರದ ಪ್ರತಿ ತೆಗೆದರು. ಅವರಿಗೆ ಕನ್ನಡ ಬಾರದು. ಓದಿ ಮರಾಠಿಯಲ್ಲಿ ಹೇಳು ಅಂದರು. ಸುಂದರಬಾಯಿಯ ಎದುರಿಗೇ ಓದಬೇಕಾಯಿತು.

ಜಳಕಕ್ಕೆ, ಜೋಳಕ್ಕೆ ಅಂದಾಗ ಅವರು ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟರು. “ಜರಾ ಇನ್ನೊಮ್ಮೆ ಓದ್ರಿ ಅಣ್ಣಾವ್ರ. ಭಾಳ ಛಂದ ಬರದಾನ.” ಇನ್ನೊಮ್ಮೆ ಓದಿದೆ. ಈ ಸಲ ನಗಲಿಲ್ಲ.

“ಇದು ಎಲ್ಲಿಗಿ ಬಂದಿತ್ರಿ?”

“ಏಜೆನ್ಸಿಗೆ.”

“ನಿಮ್ಮ ಮನಿಗಲ್ಲ?”

“ಅಲ್ಲ.”

“ಮನಿಗಿ ಬರಿ ಅಂತ ನೀವು ಹೇಳಿದ್ದಿಲ್ಲೇನ್ರಿ?”

ನಾನು ಪತ್ರ ಮಡಿಚಿ ಸಾಹೇಬರ ಕೈಗೆ ಕೊಟ್ಟೆ.

“ಅಂವಗ ನಿಮ್ಮ ಮನಿ ಗೊತ್ತಿಲ್ಲೇನ್ರಿ? ನಿಮ್ಮ ಮದಿವ್ಯಾಗ ಹಂದರಾ ಹಾಕಿದಾವ ಅಂವಾ.”

ಆಮೇಲೆ ಸಾಹೇಬರು, ಎಂಜಿನ್ನಿಗೆ ಹೊರಗಿನವರು ಕೈ ಹಚ್ಚಿದ್ದರಿಂದ ಗ್ಯಾರಂಟಿ ಇಲ್ಲ ಅಂತ ಮರಾಠಿಯಲ್ಲಿ ಹೇಳಿದರು. ಆ ಮನುಷ್ಯನಿಗೂ ಹೇಳಲು ಕಷ್ಟವಾಯಿತು. ಸುಂದರಬಾಯಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

“ಹೋತಲ್ರಿ ಗ್ಯಾರಂಟಿ?”

“ಹೋಯಿತು.”

“ಇನ್ನ ಇದನ್ನ ಬಿಚ್ಚಾಕ ಯಾರನ್ನೂ ಕೇಳೂ ಜರೂರಿಲ್ಲಲಾ?”

“ಇಲ್ಲ.”

“ಏಳ ವಾರ ಒಂದ ತಿರುಪ ಮುಟ್ಟಿಲ್ಲ ನಾವು. ನೀವು ಬರ್ತೀರಿ ಅಂತ ದೇವರಂಗ ಮುಚ್ಚಿ ಇಟ್ಟೀವಿ. ಛಲೋ ಆತು ಬಿಡ್ರಿ. ಜಲಾಲುದ್ದೀನಾ, ಪಾನಾ ತಾರೋ.”

ಅವನು ಸ್ಪ್ಯಾನರುಗಳ ಡಬ್ಬಿ ತಂದು ಸುರಿದ. ನಾವು ಚಹಾ ಕುಡಿಯುವಷ್ಟರಲ್ಲಿ ಎಂಜಿನ್ನಿನ ತಲೆ ಬಿಚ್ಚಿ ಕೆಳಗಿಟ್ಟಿದ್ದ. ಬಸವಕಲ್ಯಾಣದ ಖಾಸಗಿ ಮಿಸ್ತ್ರಿಯ ಹತ್ತಿರ ಬಿರುಕಿಗೆ ಬೆಸುಗೆ ಹಾಕಿಸಿ, ಸವೆದ ಪಿಸ್ಟನ್ನಿನ ಬದಲು ಬೇರೆ ಹಾಕಿಸುತ್ತಾರಂತೆ. ಪೀಪಾಯಿ ಹಾಗೇ ಇರುತ್ತದೆ. ಸಾಹೇಬರು ಹೊರಡುವಾಗ ಕೆಳಗಿನ ನಳಿಗೆಯನ್ನು ಎಷ್ಟು ಎತ್ತರದಲ್ಲಿ ಹಚ್ಚಬೇಕು ಅಂತ ತಾವೇ ಬೆರಳಿಟ್ಟು ತೋರಿಸಿ ಬಂದರು. ಇದನ್ನು ಎಲ್ಲಿಯೂ ಬರೆಯಬೇಡ.

ನಿನಗೆ ಹೇಳದ ಒಂದು ಮಾತಿದೆ. ನಿನ್ನ ‘ಇಲ್ಲ’ ಬರುವ ಮೊದಲೇ, ಬಂದೇ ಬರುತ್ತದೆ ಅಂತ ನಂಬಿ, ಜನವರಿ ಹದಿನೆಂಟಕ್ಕೇ ಕಂಪನಿಗೆ ಶಿಫಾರಸು ಕಳಿಸಿಬಿಟ್ಟಿದ್ದೆ. ಎಂಜಿನ್ನಿಗೆ ಯಾರೂ ಕೈ ಹಚ್ಚಿಲ್ಲ ಅಂತ. ಈಗ ನನಗೊಂದು ಮೆಮೊ ಬಂದಿದೆ. ಇರಲಿ. ನಂಬಿದ್ದು ನಾನು.

ನೀನು ಕೇಳಿದ್ದೆಯಲ್ಲ, ಆಕೆ ನಿಮ್ಮ ಮನೆಗೆ ಬಂದರೆ ಏನು ಕಡಿಮೆ ಅಂತ. ಅದನ್ನೇ ಅವರಿಗೂ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

“ದೀಪಾವಳಿಗಿ ಹೋಗಿದ್ದೆನ್ರಿ. ನಡುಮನಿ ಬಾಜೂ ಕೋಣಿಗಿ ಸುಣ್ಣಾ ಹೊಡಿಸಿದ್ದ. ನನ್ನ ಲಿಂಗಪೂಜಿಗಿ ಅಂತ ಗ್ವಾಡ್ಯಾಗ ಒಂದು ಗೂಡ ಬಿಡಿಸಿದ್ದ. ಯಾಕಣ್ಣಾ ಅಂದ್ರ, ಸುಮ್ನ ಅಂದ. ಆವಾಗ ಜೀಪ ಛಲೋನೇ ಓಡಾಕತ್ತಿತ್ರಿ.”

ಆಮೇಲೆ ಅಂದರು: “ಬರಾಂಗಿಲ್ಲ ಅಂತ ಹೇಳ್ರಿ. ಸಮಾಧಾನ್ಲೆ ಹೇಳ್ರಿ. ಅಂವಾ ಜಲ್ದಿ ಮನಸಿಗಿ ಹಚ್ಕೋತಾನ.”

ಹೇಳಿದ್ದೇನೆ. ಈಗ ನೀನು ಹೇಳು. ದೀಪಾವಳಿಗೆ ಕೋಣೆಗೆ ಸುಣ್ಣ ಹೊಡೆಸಿದ್ದು ಯಾಕೆ? ನಾನು ಹೇಳಿದ ಎರಡು ಸಲವೂ ನನ್ನ ಮನೆಗೆ ಬರೆಯದೆ ಏಜೆನ್ಸಿಗೆ ಬರೆದದ್ದು ಯಾಕೆ?

ದಿಗಂಬರ


ಹುಮನಾಬಾದ
6 ಮಾರ್ಚ್ 1982

ರುದ್ರಾ, ಮೂರು ವಾರವಾಯಿತು. ಉತ್ತರವಿಲ್ಲ. ಪ್ರಾಸ ಬೇಡ, ಒಂದು ಸಾಲು ಸಾಕು. — ದಿ.


ಬಸವಕಲ್ಯಾಣ
22 ಮಾರ್ಚ್ 1982

ಶ್ರೀ ದಿಗಂಬರ ಅವರ ಮನೆಗೆ, ಹುಮನಾಬಾದ

ಪ್ರಿಯ ದಿಗಂಬರ,

ಉತ್ತರ ತಡವಾದದ್ದಕ್ಕೆ ಎಸ್.ಎಸ್.ಎಲ್.ಸಿ. ಪರೀಕ್ಷೆಯೇ ಕಾರಣ. ಹುಡುಗರಿಗೆ ಪಾಠ ಮುಗಿಸಬೇಕು, ಮುಗಿಸಿದ್ದನ್ನು ಮರೆಯದಂತೆ ನೋಡಿಕೊಳ್ಳಬೇಕು. ನಿನ್ನ ಎರಡೂ ಪ್ರಶ್ನೆಗಳಿಗೆ ಸಮಂಜಸವಾದ ಉತ್ತರಗಳಿವೆ. ಕೋಣೆಯ ಸುಣ್ಣ ಗೆದ್ದಲಿನ ಕಾರಣಕ್ಕೆ. ಗೋಡೆಗೆ ಗೆದ್ದಲು, ಗೂಡಿಗೆ ಇಲಿ, ಎರಡಕ್ಕೂ ಹೆದರಿ ಒಂದೇ ಸಲ ಮೇಸ್ತ್ರಿಯನ್ನು ಕರೆಸಿದೆ. ಇನ್ನು ಏಜೆನ್ಸಿಯ ವಿಳಾಸ. ಅದು ಅಚ್ಚಿನ ಲಕೋಟೆಯ ಮೇಲೆ ಮೊದಲೇ ಬರೆದಿತ್ತು, ಜೀಪಿನ ಕಾಗದಗಳ ಜೊತೆ ನೀವೇ ಕೊಟ್ಟ ಲಕೋಟೆಗಳು. ಉಳಿತಾಯ ಮಾಡಲು ಹೋಗಿ…

ನಿನ್ನೆ ಭಾನುವಾರ ಮೋರಖಂಡಿಗೆ ಹೊರಟಿದ್ದೆ. ಒಂದು ಪೊಟ್ಟಣ ಪೇಢೆ ತಗೊಂಡಿದ್ದೆ. ಊರ ಹೊರಗಿನ ತಿರುವಿನಲ್ಲಿ ಟಾಂಗಾ ಇಳಿದೆ. ಅಲ್ಲಿಗೇ ಕೇಳಿಸಿತು, ಗಿರಣಿ. ಮೊದಲಿಗಿಂತ ಸ್ವಲ್ಪ ದಪ್ಪ ದನಿ, ಆದರೆ ಒಂದೇ ಸಮ ಓಡುತ್ತಿತ್ತು. ಇಬ್ಬರು ಹೆಂಗಸರು ಬುಟ್ಟಿ ಹೊತ್ತು ಎದುರಾದರು. ತಲೆಕೂದಲ ಮೇಲೆ ಹಿಟ್ಟು. ‘ಮಾಸ್ತರ್ರ ಬರ್ರಿ, ನಿಮ್ಮ ತಂಗಿ ಅದಾಳ’ ಅಂದರು. ಬರುತ್ತೇನೆ ಅಂದೆ. ಅವರು ಮರೆಯಾಗುವವರೆಗೆ ನಿಂತಿದ್ದೆ. ಪೇಢೆಯನ್ನು ಟಾಂಗಾದವನಿಗೆ ಕೊಟ್ಟು ಅದೇ ಟಾಂಗಾ ಹತ್ತಿ ವಾಪಸ್ ಬಂದೆ.

ಗೆದ್ದಲು ಇಲ್ಲ, ದಿಗಂಬರ. ಇಲಿಯೂ ಇಲ್ಲ.

ನಿನ್ನ ಮನೆ ನನಗೆ ಗೊತ್ತು. ಎರಡು ಸಲವೂ ಗೊತ್ತಿತ್ತು. ಗುಮಾಸ್ತ ಓದಲಿ, ಠಸ್ಸೆ ಬೀಳಲಿ, ನೀನು ಏನೂ ಮಾಡಲು ಆಗದಿರಲಿ ಅಂತಲೇ ಏಜೆನ್ಸಿಗೆ ಬರೆದೆ. ಮೊದಲು ಮೀಟರ್ ಕೊಟ್ಟೆ, ಅದರಲ್ಲೇ ಕೆಲಸ ಕೆಡುತ್ತದೆ ಅಂದುಕೊಂಡೆ. ನೀನು ಎರಡು ದಿನ ಕೂತು ದಾರಿ ಹುಡುಕಿದೆ. ಆಗ ಪೀಪಾಯಿ ಕೊಟ್ಟೆ. ಆ ಜೋಡಿಸಾಲನ್ನು ಕೂತು ಮೂರು ಸಲ ತಿದ್ದಿ ಬರೆದೆ, ಬಂದುಬಿಟ್ಟಿತು ಅಂದದ್ದು ಸುಳ್ಳು. ಆಕೆಯ ಗಿರಣಿ ಏಳಬಾರದಿತ್ತು. ಏಳದಿದ್ದರೆ ಆಕೆ ಬರುತ್ತಿದ್ದಳು. ನಿನ್ನ ಮೆಮೊ ನನ್ನ ಕೆಲಸ. ಸುಂದರಾಗೆ ಇದನ್ನು ಓದಿ ಹೇಳು. ನನ್ನಿಂದ ಆಗದು.

ಶಕುಂತಲಾ ಹೋದ ಮೇಲೆ ನಾನು ಬೆಳಿಗ್ಗೆ ಪೇಪರನ್ನು ಗಟ್ಟಿಯಾಗಿ ಓದುತ್ತೇನೆ. ಮೊದಲ ಪುಟದಿಂದ ಕೊನೆಯವರೆಗೆ, ಜಾಹೀರಾತನ್ನೂ ಬಿಡದೆ. ಮೊನ್ನೆ ಪಕ್ಕದ ಮನೆಯ ಹಜಿರಾ ಬೀ ಗೋಡೆಯ ಆಚೆಯಿಂದ ಕೇಳಿದಳು:

“ಮಾಸ್ತರ್ ಸಾಬ್, ಹೊಸಾ ರೇಡಿಯೋ ತಂದ್ರೇನ್ರಿ? ಮುಂಜಾನೆ ಎದ್ದ ಕೂಡ್ಲೆ ಖಬರ್ ಕೇಳಸ್ತದ.”

“ಹೌದ್ರಿ,” ಅಂದೆ, “ತಂದೀನಿ.”

ಮಹಾರುದ್ರಪ್ಪ